ಡುಮ್ಮ ಅಕ್ಷರ ಹೆಸರಿಗೆ ಮಾತ್ರ

ಆಕಾಶವಾಣಿ ಹಾಸನದ ಕೇಳುಗರಿಗೆ ನಮಸ್ಕಾರ.

ಅಕ್ಷರಗಳ ಆಕಾರದ ಬಗ್ಗೆ ರೇಡಿಯೋದಲ್ಲಿ ಮಾತನಾಡಿ ಎಂದು ನನ್ನನ್ನು ಕರೆದಿದ್ದಾರೆ. ಕಣ್ಣಿನ ವಿಷಯವನ್ನು ಕಿವಿಗೆ ಹೇಳುವ ಕೆಲಸ. ಇರಲಿ. ಹತ್ತಿರದಲ್ಲಿ ಯಾವುದಾದರೂ ಮದುವೆ ಕರೆಯೋಲೆ ಇದ್ದರೆ ಕೈಗೆತ್ತಿಕೊಳ್ಳಿ, ಅಷ್ಟು ಸಾಕು.

ನಾನು ಹೇಳಹೊರಟಿರುವುದು ದಪ್ಪಗೆ, ದುಂಡಗೆ, ಕೆನ್ನೆ ಉಬ್ಬಿಸಿಕೊಂಡು ಕುಳಿತಿರುವ ಅಕ್ಷರಗಳ ವಿಚಾರ. ಹಾಸನದ ಬಿ.ಎಂ. ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಐಸ್‌ಕ್ರೀಂ ಅಂಗಡಿ, ಮಕ್ಕಳ ಬಟ್ಟೆ ಅಂಗಡಿ, ಹೊಸ ಕಾಫಿ ಅಂಗಡಿ, ಎಲ್ಲ ಕಡೆಯೂ ಅವೇ. ನಾನು ಅವನ್ನು ಡುಮ್ಮ ಅಕ್ಷರ ಎನ್ನುತ್ತೇನೆ. ಈ ವಂಶದ ಹಿರಿಯಜ್ಜನ ಹೆಸರು ಕೂಪರ್ ಬ್ಲ್ಯಾಕ್. ಅಮೆರಿಕದ ಶಿಕಾಗೋದಲ್ಲಿ ಆಸ್ವಾಲ್ಡ್ ಕೂಪರ್ ಎಂಬಾತ ರೂಪಿಸಿದ ಇಂಗ್ಲಿಷ್ ಅಕ್ಷರ ಅದು. 1922ರಲ್ಲಿ ಸೀಸದ ಅಚ್ಚುಮೊಳೆಗಳಾಗಿ ಮಾರಾಟಕ್ಕೆ ಬಂತು. ಅರವತ್ತು, ಎಪ್ಪತ್ತರ ದಶಕದಲ್ಲಿ ಮತ್ತೆ ಮೆರೆಯಿತು. ಹಳೆಯ ಕಾಲದ ಗತ್ತು ಬೇಕೆಂದವರು ಇವತ್ತಿಗೂ ಅದರ ಬಾಗಿಲಿಗೇ ಹೋಗುತ್ತಾರೆ.

ಕನ್ನಡದಲ್ಲೂ ಅಂಥದ್ದೊಂದು ಫಾಂಟ್, ಎಂದರೆ ಕಂಪ್ಯೂಟರಿನಲ್ಲಿ ಬಳಸುವ ಅಕ್ಷರವಿನ್ಯಾಸ, ಇದೆ. ಹೆಸರು ಬಲೂ ತಮ್ಮ. ಮುಂಬೈನ ಏಕ್ ಟೈಪ್ ಎಂಬ ತಂಡ ಮಾಡಿದ್ದು. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು. ಅದರ ಬಳಗದಲ್ಲಿ ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು, ಮಲಯಾಳಕ್ಕೆ ಚೇಟ್ಟನ್, ಪಂಜಾಬಿಗೆ ಪಾಜಿ ಇದ್ದಾರೆ. ಹೆಸರಿಟ್ಟವರ ಮೇಲೆ ನನಗೆ ಪ್ರೀತಿ. ಆ ಅಕ್ಷರದ ಮೇಲೂ ಪ್ರೀತಿ. ಆದರೆ ಬಳಸುವವರ ಮೇಲೆ ಕೆಲವೊಮ್ಮೆ ಸಿಟ್ಟು ಬರುತ್ತದೆ. ಡುಮ್ಮ ಅಕ್ಷರ ಹೆಸರಿಗೆ ಮಾತ್ರ, ವಿವರಕ್ಕೆ ಬೇಡ. ಮೂವತ್ತು ವರ್ಷದಿಂದ ಇದೊಂದನ್ನೇ ಹೇಳುತ್ತಿದ್ದೇನೆ.

ಒಂದು ಪ್ರಸಂಗ ಹೇಳುತ್ತೇನೆ. ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಅಂಗಡಿ ಇಟ್ಟಿರುವ ಸ್ನೇಹಿತರೊಬ್ಬರು ಹೊಸ ಕವರು ಮಾಡಿಸಲು ಬಂದರು. ಅಂಗಡಿಯ ಹೆಸರನ್ನು ಡುಮ್ಮ ಅಕ್ಷರದಲ್ಲಿ, ಕಡುಗಂದು ಬಣ್ಣದಲ್ಲಿ ಬರೆದುಕೊಟ್ಟೆ. ನೋಡಿದರೆ ಆಗ ತಾನೇ ಹುರಿದ ಬೀಜದ ಹಾಗಿತ್ತು. ಅವರಿಗೆ ಎಷ್ಟು ಹಿಡಿಸಿತೆಂದರೆ, ಬೆಲೆ, ತೂಕ, ವಿಳಾಸ, ಎಲ್ಲವೂ ಅದರಲ್ಲೇ ಬರಲಿ ಎಂದರು. ಬೇಡ ಎಂದೆ. ‘ನಿಮ್ಮದು ಬರೀ ಕೊಂಕು’ ಎಂದರು. ದುಡ್ಡು ಕೊಡುವವರು ಅವರು, ಮಾಡಿಕೊಟ್ಟೆ. 5,000 ಕವರು ಅಚ್ಚಾದವು.

ಕಾಫಿಪುಡಿಯ ಕವರಿನ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ನಮೂದಿಸಬೇಕೆಂಬ ನಿಯಮ ನಿಮಗೆ ಗೊತ್ತಿರಬಹುದು. ಇವರದು 80ಕ್ಕೆ 20ರ ಮಿಶ್ರಣ. ಅದನ್ನೂ ಡುಮ್ಮ ಅಂಕಿಯಲ್ಲಿ, ಕಡಲೆಕಾಳಿನಷ್ಟು ಚಿಕ್ಕದಾಗಿ ಹಾಕಿಸಿದ್ದರು. ಅಚ್ಚಿನಲ್ಲಿ ಮಸಿ ಸ್ವಲ್ಪ ಹರಡಿ ಎಂಟರ ಮೇಲಿನ ಹೊಟ್ಟೆ ಮುಚ್ಚಿಹೋಯಿತು. ಮುಚ್ಚಿದರೆ ಏನಾಗುತ್ತದೆ? ಆರು.

ಆಲ್ದೂರು ಕಡೆಯ ಅಜ್ಜಿಯೊಬ್ಬರು ಕವರನ್ನು ಬೆಳಕಿಗೆ ಹಿಡಿದು, ಅಂಗಡಿ ತುಂಬ ಜನ ಇರುವಾಗಲೇ ಕೇಳಿದರಂತೆ: ‘ಕಾಫಿ 60, ಚಿಕೋರಿ 20. ಉಳಿದ ಇಪ್ಪತ್ತು ಏನಪ್ಪಾ, ಹುಣಸೆ ಬೀಜವೇ?’

ನಗಬೇಡಿ. ಮೂರು ತಲೆಮಾರಿನಿಂದ ಕಲಬೆರಕೆಯ ಮಾತು ಕೇಳದ ಅಂಗಡಿ ಅದು. ಉಳಿದ ಕವರುಗಳ ಮೇಲೆಲ್ಲ ಅವರ ಮಗ ರಾತ್ರಿ ಕುಳಿತು ಚೀಟಿ ಅಂಟಿಸಿದ. ಎರಡನೆಯ ಸಲ ಹೆಸರಷ್ಟೇ ಡುಮ್ಮ ಅಕ್ಷರದಲ್ಲಿ ಉಳಿಯಿತು. ಉಳಿದದ್ದೆಲ್ಲ ತೆಳುವಾದ, ಸಾದಾ ಅಕ್ಷರ. ಆ ಅಜ್ಜಿ ಈಗಲೂ ಕವರು ಓದಿಯೇ ದುಡ್ಡು ಕೊಡುತ್ತಾರೆ ಎಂದು ಕೇಳಿದ್ದೇನೆ.

ಇಂಗ್ಲಿಷಿಗಿಂತ ನಮಗೆ ಈ ತೊಂದರೆ ಹೆಚ್ಚು. ಕನ್ನಡದ ಅಕ್ಷರಗಳು ಹುಟ್ಟಿನಿಂದಲೇ ದುಂಡು. ದ, ಧ, ಥ ಬರೆದು ನೋಡಿ. ಧ ಅಕ್ಷರಕ್ಕೆ ಕೆಳಗೊಂದು ಸೀಳು, ಥ ಅಕ್ಷರಕ್ಕೆ ಒಳಗೊಂದು ಚುಕ್ಕಿ, ಇಷ್ಟೇ ವ್ಯತ್ಯಾಸ. ಪ ಮತ್ತು ಷ ಅಕ್ಷರಗಳ ನಡುವೆಯೂ ಹೊಟ್ಟೆಯೊಳಗಿನ ಒಂದು ಗೆರೆ ಮಾತ್ರ. ದಪ್ಪ ಮಾಡಿ ಚಿಕ್ಕದು ಮಾಡಿದಿರೋ, ಸೀಳು ಮುಚ್ಚಿ ಧನಲಕ್ಷ್ಮಿ ದನಲಕ್ಷ್ಮಿ ಆಗುತ್ತಾಳೆ. ಫಲಕದಲ್ಲಿ ಅಡಿ ಎತ್ತರಕ್ಕೆ ಬರೆದರೆ ಈ ಭಯವಿಲ್ಲ. ಅದಕ್ಕೇ ಹೇಳುವುದು, ಡುಮ್ಮ ಅಕ್ಷರ ಹೆಸರಿಗೆ ಮಾತ್ರ.

ಇನ್ನೂ ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ. ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡ್‌ಗೆ, ಎಂದರೆ ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸದೆ ಬಲೂ ತಮ್ಮನಿಗೆ ಕೊಟ್ಟರೆ ಅರ್ಥವಿಲ್ಲದ ಗೀಚು ಬರುತ್ತದೆ, ಫಾಂಟನ್ನು ಬೈಯಬೇಡಿ. ತಿಥಿಯ ಕಾರ್ಡಿಗೆ ದಯವಿಟ್ಟು ಈ ಅಕ್ಷರ ಬೇಡ. ಕಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಬಣ್ಣದ ವಿಚಾರ ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಕೊನೆಯದು ಒತ್ತಕ್ಷರ. ಚಿಕ್ಕಮಗಳೂರು ಎಂದು ಬರೆಯುವಾಗ ಕಕಾರದ ಒತ್ತು ಕೆಳಗೆ ಇಳಿಯುತ್ತದಲ್ಲ, ಡುಮ್ಮ ಅಕ್ಷರದಲ್ಲಿ ಅದೂ ಡುಮ್ಮನೇ. ಎರಡು ಸಾಲಿನ ನಡುವೆ ಅದು ಕಾಲು ಚಾಚುವಷ್ಟು ಜಾಗ ಬಿಡಿ. ಬಿಡದಿದ್ದರೆ ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಕುಳಿತುಕೊಳ್ಳುತ್ತದೆ.

ನಮಸ್ಕಾರ.