ಟೆಸ್ಟ್ ಎಲ್ಲಿರಬೇಕು? ರ‍್ಯಾಕೆಟ್‌ನಲ್ಲಿ ಒಂದು ಕಾಫಿ ಲೆಕ್ಕ

[ಪರದೆ: ಡಾಕ್ಟರ್ ರ‍್ಯಾಕೆಟ್‌ನ ಖಾಲಿ ಕಿಟಕಿ]

ನಮಸ್ಕಾರ. ಚಿಕ್ಕಮಗಳೂರು ಕಡೆ ಕಾಫಿ ಮಾರಿದವರಿಗೆಲ್ಲ ಔಟ್‌ಟರ್ನ್ ಗೊತ್ತು. 50 ಕೆ.ಜಿ.ಯ ಒಂದು ಚೀಲ ಒಣ ಚೆರ್ರಿಯಲ್ಲಿ ಸಿಪ್ಪೆ ಕಳೆದ ಮೇಲೆ ಎಷ್ಟು ಕೆ.ಜಿ. ಬೀಜ ಉಳಿಯುತ್ತದೆ ಎಂಬ ಲೆಕ್ಕ ಅದು. ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ಪಾಯಿಂಟಿಗೆ (ಔಟ್‌ಟರ್ನ್‌ನ ಒಂದು ಕೆ.ಜಿ.ಗೆ) ಇಷ್ಟು ಎಂದು ಚೀಲದ ಬೆಲೆ ಕಟ್ಟುತ್ತಾರೆ. ತೇವಾಂಶದ ಕಡಿತಕ್ಕೆ ವ್ಯಾಪಾರಿಯೊಡನೆ ನಡೆಯುವ ವಾದವನ್ನು ಯಾವ ಪ್ರೋಗ್ರಾಮೂ ಬಗೆಹರಿಸದು, ಅದನ್ನು ಬಿಡೋಣ. ಉಳಿದದ್ದನ್ನು ಪ್ರೋಗ್ರಾಮಿಂಗ್ ಭಾಷೆಯಾದ ರ‍್ಯಾಕೆಟ್‌ನಲ್ಲಿ ಬರೆದು, ಅದು ಸರಿಯಿದೆಯೇ ಎಂದು ಪರೀಕ್ಷಿಸುವ ಟೆಸ್ಟನ್ನು ಎಲ್ಲಿಡಬೇಕೆಂದು ನೋಡೋಣ.

[ಪರದೆ: (* 50 (/ ಬೀಜ ಮಾದರಿ))]

ಬೀಜದ ತೂಕವನ್ನು ಮಾದರಿಯ ತೂಕದಿಂದ ಭಾಗಿಸಿ 50ರಿಂದ ಗುಣಿಸುವ ಇದು ಔಟ್‌ಟರ್ನ್ ಎಂಬ ಫಂಕ್ಷನ್‌ನ ಒಡಲು. ಹೆಸರುಗಳು ಕನ್ನಡದಲ್ಲೇ ಇವೆ, ನೋಡಿ. ರ‍್ಯಾಕೆಟ್ ಯೂನಿಕೋಡ್ ಹೆಸರುಗಳನ್ನು ತಕರಾರಿಲ್ಲದೆ ಒಪ್ಪುತ್ತದೆ. ಎರಡನೆಯ ಫಂಕ್ಷನ್ ಚೀಲದ-ಬೆಲೆ. ಔಟ್‌ಟರ್ನನ್ನು ದರದಿಂದ ಗುಣಿಸುವುದಷ್ಟೇ ಅದರ ಕೆಲಸ. ಹೊರಗಿನ ಕಡತಗಳಿಗೆ ಬೇಕಾದದ್ದು ಚೀಲದ-ಬೆಲೆ ಮಾತ್ರ. ಆದ್ದರಿಂದ ಹೊರಗೆ ಕಾಣಬೇಕಾದ ಹೆಸರುಗಳನ್ನು ಹೇಳುವ ಪ್ರೊವೈಡ್ ಸಾಲಿನಲ್ಲಿ ಅದೊಂದನ್ನೇ ಬರೆಯುತ್ತೇನೆ.

ತೊಡಕು ಶುರುವಾಗುವುದು ಇಲ್ಲಿ. ತಪ್ಪಾಗುವ ಸಂಭವ ಹೆಚ್ಚಿರುವುದು ಒಳಗಿರುವ ಔಟ್‌ಟರ್ನ್‌ನಲ್ಲಿ. ಟೆಸ್ಟನ್ನು ಬೇರೆ ಕಡತದಲ್ಲಿ ಬರೆದರೆ ಅದಕ್ಕೆ ಈ ಫಂಕ್ಷನ್ ಕಾಣುವುದಿಲ್ಲ. ಟೆಸ್ಟಿಗೋಸ್ಕರ ಅದನ್ನೂ ಹೊರಗೆ ಬಿಡುವುದು ನನಗೆ ಒಗ್ಗದ ಕೆಲಸ. ಒಮ್ಮೆ ಬಿಟ್ಟದ್ದನ್ನು ಯಾರಾದರೂ ಬಳಸತೊಡಗಿದರೆ ಮತ್ತೆ ಒಳಗೆಳೆದುಕೊಳ್ಳುವುದು ಕಷ್ಟ.

ಕ್ಲೋಜರ್ ಎಂಬ ಇನ್ನೊಂದು ಭಾಷೆಯಲ್ಲಿ ಟೆಸ್ಟುಗಳಿಗೆ ಪ್ರತ್ಯೇಕ ಫೋಲ್ಡರ್ ಇಡುವುದು ರೂಢಿ. ಒಳಗಿನ ಫಂಕ್ಷನ್ ಬೇಕಾದರೆ ಹ್ಯಾಶ್ ಮತ್ತು ಉದ್ಧರಣ ಚಿಹ್ನೆ ಹಾಕಿ ಕರೆಯುತ್ತಾರೆ. ಕಾಮನ್ ಲಿಸ್ಪ್ ಭಾಷೆಯಲ್ಲಿ ಅದಕ್ಕೆ ಎರಡು ಜೋಡಿ ಚುಕ್ಕೆಗಳು (::). ಎರಡೂ ಹಿಂಬಾಗಿಲುಗಳೇ.

ರ‍್ಯಾಕೆಟ್‌ನ ಉತ್ತರ ಸಬ್‌ಮಾಡ್ಯೂಲ್. ಕಡತದ ಮಾಡ್ಯೂಲಿನ ಒಳಗೇ ಇಡುವ ಚಿಕ್ಕ ಮಾಡ್ಯೂಲ್ ಅದು, 2012ರ 5.3 ಆವೃತ್ತಿಯಲ್ಲಿ ಬಂದದ್ದು.

[ಪರದೆ: ಔಟ್‌ಟರ್ನ್ ಫಂಕ್ಷನ್‌ನ ಕೆಳಗೇ 'ಮಾಡ್ಯೂಲ್ ಪ್ಲಸ್ ಟೆಸ್ಟ್' (module+ test) ಎಂಬ ಆವರಣ]

ಫಂಕ್ಷನ್‌ನ ಕೆಳಗೇ ಟೆಸ್ಟ್ ಎಂಬ ಹೆಸರಿನ ಮಾಡ್ಯೂಲ್ ಪ್ಲಸ್ ಬರೆಯಿರಿ, ಅದರೊಳಗೆ ರ‍್ಯಾಕ್‌ಯೂನಿಟ್ ಎಂಬ ಟೆಸ್ಟ್ ಲೈಬ್ರರಿಯನ್ನು ತರಿಸಿಕೊಳ್ಳಿ. ಹೊರಗಿನ ಮಾಡ್ಯೂಲಿನ ಎಲ್ಲ ಹೆಸರುಗಳೂ, ಪ್ರೊವೈಡ್ ಮಾಡದವೂ, ಇದಕ್ಕೆ ಕಾಣುತ್ತವೆ. ಚೀಲದ-ಬೆಲೆಯ ಕೆಳಗೆ ಅದೇ ಹೆಸರಿನ ಇನ್ನೊಂದು ಆವರಣ ಬರೆದರೂ ಸರಿ. ಒಂದೇ ಹೆಸರಿನವನ್ನೆಲ್ಲ ರ‍್ಯಾಕೆಟ್ ಕ್ರಮವಾಗಿ ಜೋಡಿಸಿ ಒಂದೇ ಸಬ್‌ಮಾಡ್ಯೂಲ್ ಮಾಡುತ್ತದೆ. ಹಾಗಾಗಿ ಪ್ರತಿ ಫಂಕ್ಷನ್‌ನ ಬುಡದಲ್ಲೇ ಅದರ ಟೆಸ್ಟ್ ಇರಬಹುದು.

[ಪರದೆ: (ಔಟ್‌ಟರ್ನ್ 52 100), ಉತ್ತರ 26. (ಚೀಲದ-ಬೆಲೆ 52 100 300), ಉತ್ತರ 7800]

100 ಗ್ರಾಂ ಮಾದರಿಯಲ್ಲಿ 52 ಗ್ರಾಂ ಬೀಜ ಸಿಕ್ಕಿದರೆ ಔಟ್‌ಟರ್ನ್ 26. ದರ 300 ಎಂಬುದು ಲೆಕ್ಕಕ್ಕಾಗಿ ಇಟ್ಟುಕೊಂಡದ್ದು, ಇಂದಿನ ಮಾರುಕಟ್ಟೆಯದ್ದಲ್ಲ! ಎರಡಕ್ಕೂ, ಬಂದ ಉತ್ತರ ನಿರೀಕ್ಷಿಸಿದ್ದೇ ಎಂದು ನೋಡುವ ಚೆಕ್ ಈಕ್ವಲ್ ಸಾಕು.

ಈಗ 52ರ ಬದಲು 52.0 ಎಂದು ಕೊಡಿ. ಟೆಸ್ಟ್ ಬೀಳುತ್ತದೆ. ಉತ್ತರ 26.0 ಬಂತು, ಚೆಕ್ ಈಕ್ವಲ್‌ನ ದೃಷ್ಟಿಯಲ್ಲಿ 26 ಬೇರೆ, 26.0 ಬೇರೆ. ಬೀಜ 53 ಗ್ರಾಂ ಆದರೆ 26.5 ಬರುವುದಿಲ್ಲ, 53/2 ಎಂಬ ಭಿನ್ನರಾಶಿ ಬರುತ್ತದೆ. ತಕ್ಕಡಿಯಿಂದ ದಶಮಾಂಶ ಬರುವ ಇಂಥ ಲೆಕ್ಕಕ್ಕೆ, ಎಷ್ಟು ವ್ಯತ್ಯಾಸ ಸೈರಿಸಬಹುದೆಂದು ಹೇಳಿ ಹೋಲಿಸುವ ಇನ್ನೊಂದು ಚೆಕ್ ಇದೆ: ಚೆಕ್ ಪದದ ನಂತರ ಅಡ್ಡಗೆರೆ, ಆಮೇಲೆ ಸಮ ಚಿಹ್ನೆ (check-=). ಕೊನೆಗೆ 0.001 ಕೊಡಿ.

ಮಾದರಿ ಸೊನ್ನೆಯಾದರೆ ಭಾಗಾಕಾರದಲ್ಲಿ ದೋಷ ಏಳಬೇಕು. ಅದನ್ನು ಪರೀಕ್ಷಿಸುವ ಚೆಕ್ ಎಕ್ಸೆಪ್ಷನ್‌ಗೆ ಕರೆಯನ್ನು ಹಾಗೇ ಕೊಡಬೇಡಿ, ಲ್ಯಾಂಬ್ಡಾದಲ್ಲಿ, ಅಂದರೆ ಹೆಸರಿಲ್ಲದ ಫಂಕ್ಷನ್‌ನಲ್ಲಿ, ಸುತ್ತಿ ಕೊಡಿ. ಇಲ್ಲದಿದ್ದರೆ ಚೆಕ್ ಕಣ್ಣು ಬಿಡುವ ಮೊದಲೇ ದೋಷ ಎದ್ದಿರುತ್ತದೆ.

[ಪರದೆ: ಟರ್ಮಿನಲ್]

ರ‍್ಯಾಕೆಟ್‌ನ ಜೊತೆ ಬರುವ ಆಜ್ಞೆಯನ್ನು ರಾಕೋ ಟೆಸ್ಟ್ (raco test) ಎಂದು ಬರೆದು ಕಡತದ ಹೆಸರು ಕೊಟ್ಟರೆ ಟೆಸ್ಟುಗಳು ಓಡುತ್ತವೆ. ಫೋಲ್ಡರ್ ಹೆಸರು ಕೊಟ್ಟರೆ ಒಳಗಿನ ಕಡತಗಳೆಲ್ಲ ಓಡುತ್ತವೆ. ಒಂದು ಎಚ್ಚರಿಕೆ: ಟೆಸ್ಟ್ ಸಬ್‌ಮಾಡ್ಯೂಲ್ ಇಲ್ಲದ ಕಡತ ಸಿಕ್ಕರೆ ರಾಕೋ ಟೆಸ್ಟ್ ಆ ಕಡತವನ್ನೇ ಓಡಿಸುತ್ತದೆ. ಬಿಲ್ ಮುದ್ರಿಸುವ ಸಾಲುಗಳು ಮೇಲ್ಮಟ್ಟದಲ್ಲೇ ಇದ್ದರೆ ಬಿಲ್ಲು ಮುದ್ರಣವಾಗಿಬಿಡುತ್ತದೆ. ಅಂಥವನ್ನು, ಕಡತವನ್ನು ನೇರವಾಗಿ ಓಡಿಸಿದಾಗ ಮಾತ್ರ ನಡೆಯುವ ಮೇನ್ ಎಂಬ ಸಬ್‌ಮಾಡ್ಯೂಲಿಗೆ ಸರಿಸಿ, ಜೊತೆಗೆ ಖಾಲಿಯಾದರೂ ಸರಿ, ಒಂದು ಟೆಸ್ಟ್ ಆವರಣ ಇಡಿ.

ರಾಕೋ ಮೇಕ್ ಆಜ್ಞೆಯಿಂದ ಕಂಪೈಲ್ ಮಾಡಿದ ಕಡತವನ್ನು ಬಳಸುವವರ ಕಂಪ್ಯೂಟರಿನಲ್ಲಿ ರ‍್ಯಾಕ್‌ಯೂನಿಟ್ ಲೋಡ್ ಆಗುವುದಿಲ್ಲ. ಟೆಸ್ಟ್ ಕೇಳಿದಾಗ ಮಾತ್ರ ಆಗುತ್ತದೆ. ಕಂಪೈಲ್ ಮಾಡಲು ಮಾತ್ರ ಅದು ಬೇಕೇ ಬೇಕು. ಆದ್ದರಿಂದ ಪ್ಯಾಕೇಜಿನ ಇನ್ಫೋ ಕಡತದಲ್ಲಿ ಅದರ ಹೆಸರನ್ನು ಓಡಲು ಬೇಕಾದವುಗಳ ಡೆಪ್ಸ್ ಪಟ್ಟಿಗೆ ಸೇರಿಸದೆ ಕಂಪೈಲ್ ಮಾಡಲು ಬೇಕಾದವುಗಳ ಬಿಲ್ಡ್ ಡೆಪ್ಸ್ ಪಟ್ಟಿಗೆ ಸೇರಿಸಿ.

ಹಲವು ಮಾಡ್ಯೂಲುಗಳನ್ನು ಒಟ್ಟಿಗೆ ಪರೀಕ್ಷಿಸುವ ಉದ್ದನೆಯ ಟೆಸ್ಟುಗಳನ್ನು ಮಾತ್ರ ನಾನು ಬೇರೆ ಕಡತದಲ್ಲಿ ಇಡುತ್ತೇನೆ. ಅವು ಯಾವ ಒಂದು ಫಂಕ್ಷನ್‌ಗೂ ಸೇರಿದವಲ್ಲ, ಪ್ರೊವೈಡ್ ಮಾಡಿದ ಹೆಸರುಗಳಷ್ಟೇ ಅವಕ್ಕೆ ಸಾಕು.