ಆರ್ಮ್‌ಸ್ಟ್ರಾಂಗ್ ಕಥೇಲಿ ವಿಲನ್ ಸಾರ್ನಾಫ್ ಒಬ್ಬನೇ ಅಲ್ಲ

ಎಫ್‌ಎಂ ಕಂಡುಹಿಡಿದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಕಥೇನ ಎಲ್ರೂ ಒಂದೇ ಥರ ಹೇಳ್ತಾರೆ, ಒಳ್ಳೆ ಸೈಂಟಿಸ್ಟು, ಕೆಟ್ಟ ಕಂಪನಿ ಬಾಸು, ಮೋಸ, ದುರಂತ, ಮುಗೀತು. ಬಾಸ್ ಅಂದ್ರೆ ಅಮೆರಿಕದ ದೊಡ್ಡ ರೇಡಿಯೋ ಕಂಪನಿ ಆರ್‌ಸಿಎಯ ಡೇವಿಡ್ ಸಾರ್ನಾಫ್. ನನ್ನ ಕೇಳಿದ್ರೆ ಎಲ್ಲಾನೂ ಅವನ ತಲೆಗೇ ಕಟ್ಟಿ ನಾವು ದೊಡ್ಡ ಏಟು ಕೊಟ್ಟೋರನ್ನ ಬಿಟ್ಟುಬಿಟ್ಟಿದೀವಿ.

ಮೊದ್ಲು ಆರ್ಮ್‌ಸ್ಟ್ರಾಂಗ್ ಮಾಡಿದ್ದೇನು ನೋಡಿ. ಹಳೇ ಥರದ ರೇಡಿಯೋ ಎಎಂನಲ್ಲಿ ದನಿಗೆ ತಕ್ಕ ಹಾಗೆ ಅಲೆಯ ಎತ್ತರ ಏರಿಳಿಯುತ್ತೆ, ಸಿಡಿಲು, ಮೋಟಾರ್ ಕಿಡಿ ಇವೂ ಕೆಡಿಸೋದು ಆ ಎತ್ತರಾನೇ, ಅದಕ್ಕೇ ಆ ಕರಕರ ಸದ್ದು. ಎಫ್‌ಎಂನಲ್ಲಿ ಎತ್ತರ ಹಾಗೇ ಇರುತ್ತೆ, ಫ್ರೀಕ್ವೆನ್ಸಿ, ಅಂದ್ರೆ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತೆ ಅನ್ನೋದು ಬದಲಾಗುತ್ತೆ. ಈ ಐಡಿಯಾ ಮೊದ್ಲೇ ಇತ್ತು, 1922ರಲ್ಲಿ ಜಾನ್ ಕಾರ್ಸನ್ ಅನ್ನೋ ಇಂಜಿನಿಯರ್ ಲೆಕ್ಕ ಹಾಕಿ ಇದರಿಂದ ಲಾಭ ಇಲ್ಲ ಅಂತ ತೋರಿಸಿದ್ರು. ಆ ಲೆಕ್ಕ ತಪ್ಪಲ್ಲ, ಆದ್ರೆ ಆಗ ಎಲ್ರ ತಲೇಲೂ ಇದ್ದಿದ್ದು ಕಿರಿದಾದ ಬ್ಯಾಂಡ್, ಅಂದ್ರೆ ಫ್ರೀಕ್ವೆನ್ಸಿ ಸ್ವಲ್ಪವೇ ಬದಲಾಗೋದು. ಆರ್ಮ್‌ಸ್ಟ್ರಾಂಗ್ ಉಲ್ಟಾ ಹೋದ, ಬ್ಯಾಂಡನ್ನ ಅಗಲ ಮಾಡಿ, ರಿಸೀವರ್‌ನಲ್ಲಿ ಲಿಮಿಟರ್ ಹಾಕಿ ಎತ್ತರದ ಏರುಪೇರನ್ನೇ ಕತ್ತರಿಸಿ ಬಿಸಾಕಿದ. 1933ರ ಡಿಸೆಂಬರಲ್ಲಿ ಪೇಟೆಂಟ್ ಬಂತು. 1935ರಲ್ಲಿ ನ್ಯೂಯಾರ್ಕ್‌ನ ಇಂಜಿನಿಯರ್‌ಗಳ ಮುಂದೆ ಡೆಮೋ, ಪಕ್ಕದ ಊರು ಯಾಂಕರ್ಸ್‌ನ ಗೆಳೆಯನ ಮನೆಯಿಂದ ಲೋಟಕ್ಕೆ ನೀರು ಸುರಿಯೋದು, ಪೇಪರ್ ಮುದುರೋದು ಎಲ್ಲಾ ಸ್ಪಷ್ಟವಾಗಿ ಕೇಳಿಸ್ತು.

ಇನ್ನು ಸಾರ್ನಾಫ್. ಟೆಸ್ಟಿಂಗ್‌ಗೆ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಮೇಲೆ ಜಾಗ ಕೊಟ್ಟೋರೂ ಆರ್‌ಸಿಎನವರೇ, 1935ರಲ್ಲಿ ಟಿವಿ ಕೆಲ್ಸಕ್ಕೆ ಬೇಕು ಖಾಲಿ ಮಾಡು ಅಂದೋರೂ ಅವರೇ. ಬೇಜಾರಾಗುತ್ತೆ, ಆದ್ರೆ ಬಿಸಿನೆಸ್ ಅಂದ್ಮೇಲೆ ಹೀಗೇ ಇರುತ್ತೆ. ಮುಂದೆ ಟಿವಿ ಸೌಂಡಿಗೆ ಎಫ್‌ಎಂ ಬಳಸಿ ಆರ್ಮ್‌ಸ್ಟ್ರಾಂಗ್‌ಗೆ ರಾಯಲ್ಟಿ ಕೊಡದೆ ಇದ್ರಲ್ಲ, ಅದನ್ನ ಮಾತ್ರ ನಾನು ಒಪ್ಪಲ್ಲ.

ನಿಜವಾದ ಏಟು ಬಿದ್ದಿದ್ದು 1945ರಲ್ಲಿ, ಕೊಟ್ಟಿದ್ದು ಯಾರಿಗೆ ಯಾವ ಫ್ರೀಕ್ವೆನ್ಸಿ ಅಂತ ಹಂಚೋ ಅಮೆರಿಕ ಸರ್ಕಾರದ ಸಂಸ್ಥೆ ಎಫ್‌ಸಿಸಿ. ಆರ್ಮ್‌ಸ್ಟ್ರಾಂಗ್ ಸ್ವಂತ ದುಡ್ಡು ಹಾಕಿ ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ ದೊಡ್ಡ ಟವರ್ ಎಬ್ಬಿಸಿದ್ದ, ಬೇರೆ ಸ್ಟೇಷನ್‌ಗಳೂ ಬಂದಿದ್ವು, ಜನ ಲಕ್ಷಗಟ್ಟಲೆ ಸೆಟ್ ತಗೊಂಡಿದ್ರು, ಆಗ ಎಫ್‌ಸಿಸಿಯವರು ಸೂರ್ಯನ ಕಲೆಗಳಿಂದ ಡಿಸ್ಟರ್ಬೆನ್ಸ್ ಆಗುತ್ತೆ ಅಂತ ಕಾರಣ ಕೊಟ್ಟು ಎಫ್‌ಎಂನ 42–50 ಮೆಗಾಹರ್ಟ್ಸ್‌ನಿಂದ ಎತ್ತಿ 88–108ಕ್ಕೆ ಹಾಕಿದ್ರು. ಮನೆಮನೆಗೂ ನಲ್ಲಿ ಹಾಕ್ಸಿದ್ಮೇಲೆ ಇನ್ಮೇಲೆ ನೀರು ಪಕ್ಕದ ಬೀದೀಲಿ ಬರುತ್ತೆ ಅಂದ ಹಾಗೆ. ಇವತ್ತು ನೋಡಿದ್ರೆ ಆ ಜಾಗ ಕೆಟ್ಟದ್ದೇನಲ್ಲ, 2001ರಲ್ಲಿ ಬೆಂಗಳೂರಲ್ಲಿ ಶುರುವಾದ ದೇಶದ ಮೊದಲ ಪ್ರೈವೇಟ್ ಎಫ್‌ಎಂ ರೇಡಿಯೋ ಸಿಟಿ ಕೂಡ ಅದರೊಳಗೇ ಇರೋದು. ಆದ್ರೆ ಹಳೇ ಸೆಟ್ ತಗೊಂಡೋರ ದುಡ್ಡು, ಹಳೇ ಟ್ರಾನ್ಸ್‌ಮಿಟರ್ ಹಾಕಿದೋರ ದುಡ್ಡು, ಅದು ಯಾರ ಲೆಕ್ಕಕ್ಕೆ?

ಆರ್ಮ್‌ಸ್ಟ್ರಾಂಗ್ ಕೂಡ ಹಠಮಾರಿ. ಆರ್‌ಸಿಎ ಹತ್ತು ಲಕ್ಷ ಡಾಲರ್ ಕೊಡ್ತೀವಿ ಅಂದಾಗ ಬೇಡ ಅಂದ, ಬೇರೆಯವರ ಹಾಗೆ ನೀವೂ ರಾಯಲ್ಟಿ ಕೊಡಿ ಅಂದ. 1948ರಲ್ಲಿ ಆರ್‌ಸಿಎ ಮೇಲೆ ಕೇಸ್ ಹಾಕಿದ, ಕೇಸ್ ಎಳೀತಾ ಎಳೀತಾ ಪೇಟೆಂಟ್ ಅವಧಿನೇ ಮುಗೀತು, ದುಡ್ಡು ಕರಗಿತು, ಸಂಸಾರ ಒಡೀತು, 1954ರಲ್ಲಿ ಆತ್ಮಹತ್ಯೆ ಮಾಡ್ಕೊಂಡ.

ಕಥೆ ಹೇಳೋರು ಇಲ್ಲಿಗೇ ನಿಲ್ಲಿಸ್ತಾರೆ, ನಂಗೆ ಸಿಟ್ಟು ಬರೋದೂ ಇಲ್ಲೇ. ಹೆಂಡತಿ ಮೇರಿಯನ್, ಮದುವೆಗೆ ಮುಂಚೆ ಇದೇ ಸಾರ್ನಾಫ್ ಸೆಕ್ರೆಟರಿ ಆಗಿದ್ದೋರು, ಕೇಸುಗಳನ್ನ ಬಿಡಲಿಲ್ಲ. ಅದೇ ವರ್ಷ ಆರ್‌ಸಿಎ ಸುಮಾರು ಹತ್ತು ಲಕ್ಷ ಡಾಲರ್ ಕೊಟ್ಟು ರಾಜಿ ಆಯ್ತು, ರಾಯಲ್ಟಿ ಕೊಡದ ಉಳಿದ ಕಂಪನಿಗಳ ಹಿಂದೆಯೂ ಮೇರಿಯನ್ ಬಿದ್ದು ಒಂದೊಂದನ್ನೇ ಮಣಿಸಿದ್ರು, ಕೊನೇದು ಮೋಟೊರೋಲಾ, ಅದು ಮುಗಿದಿದ್ದು 1967ರಲ್ಲಿ.