ನೀಲಿ ಅಕ್ಷರ, ಕೆಂಪು ಅಕ್ಷರ

(ಕಲಬುರಗಿಯಲ್ಲಿ ನಡೆದ ನೌಕರರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಇಂಥ ಬಿಸಿಲಲ್ಲಿ ಚಿಂಚೋಳಿ, ಸೇಡಂ, ಅಫಜಲಪುರದಿಂದ ಬಸ್ಸು ಹಿಡಿದು ಬಂದಿದ್ದೀರಿ. ಮಡಿಲಲ್ಲಿ ಫೈಲು ಇಟ್ಟುಕೊಂಡೇ ಕೂತವರು ಬಹಳ ಮಂದಿ ಕಾಣುತ್ತಿದ್ದೀರಿ. ಆ ಫೈಲಿನಲ್ಲಿ ಏನಿದೆ ಅಂತ ನಾನು ಕೇಳಬೇಕಾಗಿಲ್ಲ.

ನಾನು ವಕೀಲನಲ್ಲ. ಮೂವತ್ತು ವರ್ಷ ಸಿಬ್ಬಂದಿ ಶಾಖೆಯಲ್ಲಿ ಕೂತು ಸೇವಾ ಪುಸ್ತಕ, ಅಂದರೆ ನೌಕರನ ಸಂಬಳ, ಬಡ್ತಿ ಎಲ್ಲ ನಮೂದಿಸುವ ಪುಸ್ತಕ, ಬರೆದವನು. ಮುಂಬಡ್ತಿ, ಹಿಂಬಡ್ತಿ, ವೇತನ ಕಡಿತ, ಮೂರರ ಬಗ್ಗೆಯೂ ಮಾತಾಡಿ ಅಂತ ಸಂಘಟಕರು ಹೇಳಿದ್ದಾರೆ. ಆದರೆ ನನ್ನ ತಲೆಯಲ್ಲಿ ಕೂತಿರುವ ಮಾತು ಒಂದೇ. ಆಫೀಸು ಮಾಡಿದ ತಪ್ಪಿಗೆ ನೌಕರನ ಜೇಬಿಗೆ ಕೈ ಹಾಕಬಾರದು. ಲೆಕ್ಕ ಸರಿ ಮಾಡಬೇಕು ಅಂದರೂ ಮೊದಲು ಅವನನ್ನು ಕೇಳಬೇಕು.

ಒಬ್ಬ ಜವಾನನ ಕಥೆ ಹೇಳುತ್ತೇನೆ. ನಿಮ್ಮಲ್ಲಿ ಕೆಲವರು ಇದನ್ನು ನನ್ನ ಬಾಯಲ್ಲಿ ಹಿಂದೆಯೂ ಕೇಳಿದ್ದೀರಿ. ಪರವಾಗಿಲ್ಲ, ಇನ್ನೊಮ್ಮೆ ಕೇಳಿ. ಹೆಸರು, ಇಲಾಖೆ ಬೇಡ. ಅವನ ನಿವೃತ್ತಿಗೆ ಹನ್ನೊಂದು ದಿನ ಇತ್ತು. ಸಂಜೆ ನಮ್ಮ ಮನೆಗೆ ಬಂದ. ಪ್ಲಾಸ್ಟಿಕ್ ಚೀಲದಿಂದ ಸೇವಾ ಪುಸ್ತಕದ ಝೆರಾಕ್ಸ್ ತೆಗೆದ. ಕಲರ್ ಝೆರಾಕ್ಸ್! ಯಾಕಪ್ಪಾ ಇಷ್ಟು ಖರ್ಚು ಮಾಡಿದೆ ಅಂದೆ. 'ಬಣ್ಣ ಕಾಣ್ಲಿ ಅಂತ್ರಿ' ಅಂದ. ಒಂದು ಪುಟದಲ್ಲಿ ನೀಲಿ ಶಾಯಿ. ಹತ್ತು ವರ್ಷ ಸೇವೆ ಮುಗಿಸಿದ್ದಕ್ಕೆ ಸಿಗುವ ಕಾಲಬದ್ಧ ಬಡ್ತಿ ಕೊಟ್ಟ ನಮೂದು. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಒಂದೂವರೆ ಸಾಲು: 'ಹೆಚ್ಚುವರಿ ಪಾವತಿಯಾಗಿದ್ದು, ಉಪದಾನದಲ್ಲಿ ವಸೂಲು ಮಾಡತಕ್ಕದ್ದು.' ಆಗಿದ್ದೇನು ಅಂದರೆ, ಹತ್ತು ವರ್ಷ ಎಣಿಸುವಾಗ ಗುಮಾಸ್ತರು ಅವನ ದಿನಗೂಲಿ ಕಾಲವನ್ನೂ ಸೇರಿಸಿಬಿಟ್ಟಿದ್ದರು. ಹದಿನೇಳು ವರ್ಷ ಯಾರೂ ಅದನ್ನು ನೋಡಲಿಲ್ಲ. ಪಿಂಚಣಿ ಕಾಗದ ಕಳಿಸುವಾಗ ಕಣ್ಣಿಗೆ ಬಿತ್ತು.

ಅವನು ಹಾಳೆಯ ಮೇಲೆ ಬೆರಳಿಟ್ಟು ಕೇಳಿದ. 'ಸಾಹೇಬ್ರ, ಈ ನೀಲಿ ಅಕ್ಷರ ನಾ ಬರ್ದಿಲ್ಲ. ಈ ಕೆಂಪಂದೂ ನಾ ಬರ್ದಿಲ್ಲ. ಮತ್ತ ರೊಕ್ಕ ಯಾಕ ನಂದು ಹೋಗ್ತದ್ರಿ?'

ಆ ಉಪದಾನ, ಅಂದರೆ ನಿವೃತ್ತಿಯಾಗುವಾಗ ಬರುವ ಗ್ರಾಚ್ಯುಟಿ ನಂಬಿಕೊಂಡು ಊರಿನ ಮನೆಗೆ ಶಹಾಬಾದ ಪರ್ಸಿ ಹಾಕಿಸಲು ಅವನು ಮುಂಗಡ ಕೊಟ್ಟಿದ್ದ. ಕಲ್ಲು ಅಂಗಳದಲ್ಲಿ ಬಂದು ಬಿದ್ದಿತ್ತು.

ಅವನ ಪ್ರಶ್ನೆಗೆ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿದೆ. 2014ರ ಡಿಸೆಂಬರ್‌ನ ರಫೀಕ್ ಮಸೀಹ್ ತೀರ್ಪು. ಈ ಹೆಸರನ್ನು ಬಾಯಿಪಾಠ ಮಾಡಿಕೊಳ್ಳಿ. ಕೆಳಹಂತದ, ಅಂದರೆ ಗ್ರೂಪ್ ಸಿ, ಗ್ರೂಪ್ ಡಿ ನೌಕರರಿಂದ ಇಂಥ ವಸೂಲಿ ಬೇಡ. ನಿವೃತ್ತರಿಂದ, ಒಂದು ವರ್ಷದೊಳಗೆ ನಿವೃತ್ತಿ ಆಗುವವರಿಂದ ಬೇಡ. ಐದು ವರ್ಷಕ್ಕಿಂತ ಜಾಸ್ತಿ ಕಾಲ ತಪ್ಪಾಗಿ ಕೊಟ್ಟುಕೊಂಡು ಬಂದಿದ್ದರೆ ಬೇಡ. ತಪ್ಪಾಗಿಯೇ ಮೇಲಿನ ಹುದ್ದೆಯ ಕೆಲಸ ಮಾಡಿಸಿ, ಆ ಸಂಬಳ ಕೊಟ್ಟು, ಈಗ ವಾಪಸ್ ಕೊಡು ಅನ್ನುವುದೂ ಬೇಡ. ಇದರ ಹೊರಗೂ, ವಸೂಲಿ ತೀರಾ ಅನ್ಯಾಯ ಅಂತ ಕೋರ್ಟಿಗೆ ಕಂಡರೆ ಅದನ್ನೂ ತಡೆಯಬಹುದು. ನಮ್ಮ ಜವಾನ ಇದರಲ್ಲಿ ಮೂರು ಕಡೆ ಬರುತ್ತಿದ್ದ. ಒಂದು ಸಾಕಿತ್ತು, ಅಲ್ವಾ? ಆದರೂ ಅವನ ಉಪದಾನ ತಡೆದರು. ಇಲ್ಲಿನ ರಾಜ್ಯ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಸ್‌ಎಟಿ ಪೀಠದ ಮೆಟ್ಟಿಲು ಹತ್ತಿದ ಮೇಲೆಯೇ ರೊಕ್ಕ ಬಂತು. ಅಲ್ಲಿಯವರೆಗೆ ಆ ಕಲ್ಲು ಅಂಗಳದಲ್ಲೇ ಎರಡು ಮಳೆಗಾಲ ನೆನೆಯಿತು.

ಒಂದು ಮಾತು ಬಿಡಿಸಿ ಹೇಳಬೇಕು. ವಸೂಲಿ ಬೇರೆ, ವೇತನ ತಿದ್ದುವುದು ಬೇರೆ. ಕೊಟ್ಟಿದ್ದನ್ನು ವಾಪಸ್ ಕೇಳಬೇಡಿ ಅಂತ ಕೋರ್ಟು ಹೇಳುತ್ತದೆ. ತಪ್ಪು ಲೆಕ್ಕ ಮುಂದೆಯೂ ಹಾಗೇ ನಡೆಯಲಿ ಅಂತ ಹೇಳುವುದಿಲ್ಲ. ಅವನ ಪಿಂಚಣಿ ಸರಿಯಾದ ಲೆಕ್ಕಕ್ಕೆ ಇಳಿಯಿತು. ಅದನ್ನು ಅವನೂ ಒಪ್ಪಿದ. ಇನ್ನು ಸುಳ್ಳು ದಾಖಲೆ ಕೊಟ್ಟು ಬಡ್ತಿ ಪಡೆದವರಿಗೆ ಈ ತೀರ್ಪು ನೆರಳಾಗುವುದಿಲ್ಲ. ಆಗಲೂ ಬಾರದು.

ತಿದ್ದುವುದಕ್ಕೂ ಒಂದು ರೀತಿ ಇದೆ. ಭಗವಾನ್ ಶುಕ್ಲಾ ಅಂತ ಒಬ್ಬ ರೈಲ್ವೆ ನೌಕರ. 1970ರಲ್ಲಿ ಅವರ ಮೂಲ ವೇತನ 190 ರೂಪಾಯಿ ಅಂತ ನಿಗದಿಯಾಯಿತು. 1991ರಲ್ಲಿ ಆಫೀಸು ಎಚ್ಚರಾಯಿತು. ಅದು 190 ಅಲ್ಲ, 181 ಅಂತ 1970ರಿಂದಲೇ ಇಳಿಸಿತು. ಒಂಬತ್ತು ರೂಪಾಯಿ! ಆ ಮನುಷ್ಯ ಸುಮ್ನೆ ಕೂರಲಿಲ್ಲ, ಸುಪ್ರೀಂ ಕೋರ್ಟಿನವರೆಗೆ ಹೋದರು. 1994ರಲ್ಲಿ ಕೋರ್ಟು ಹೇಳಿತು: ಒಂದು ನೋಟಿಸ್ ಕೂಡ ಕೊಡದೆ ಸಂಬಳ ಇಳಿಸಿದ್ದು ಸಹಜ ನ್ಯಾಯಕ್ಕೆ ವಿರುದ್ಧ. ಆದೇಶ ರದ್ದಾಯಿತು. ಇವತ್ತು ನಮ್ಮಲ್ಲಿ ನೋಟಿಸ್ ಇಲ್ಲದೆ ಸಂಬಳದ ಕಂಪ್ಯೂಟರ್ ವ್ಯವಸ್ಥೆಯಾದ ಎಚ್‌ಆರ್‌ಎಂಎಸ್‌ನಲ್ಲಿ ಸಂಬಳ ಇಳಿದುಬಿಡುತ್ತದೆ. ತಿಂಗಳ ಕೊನೆಗೆ ಮೊಬೈಲಿಗೆ ಬ್ಯಾಂಕಿನ ಮೆಸೇಜು ಬಂದಾಗಲೇ ನಮಗೆ ಗೊತ್ತಾಗುವುದು. ಅಂಥ ದಿನ ಮೇಜಿನ ಮುಂದೆ ನಿಂತು ಜಗಳ ಮಾಡಬೇಡಿ. ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಆದೇಶದ ಮೇಲೆ ಕಡಿತ, ಅದರ ಪ್ರತಿ ಕೊಡಿ ಅಂತ ಕೇಳಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.

ಆ ತಾರೀಖು ಬಹಳ ಮುಖ್ಯ. ಆಡಳಿತ ನ್ಯಾಯಮಂಡಳಿ ಕಾಯ್ದೆಯ 21ನೇ ಕಲಂ ಇದೆ. ಅಂತಿಮ ಆದೇಶ ಆದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮನವಿ ಕೊಟ್ಟು ಆರು ತಿಂಗಳು ಉತ್ತರ ಬರದಿದ್ದರೆ, ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷ. ನಮ್ಮ ಜನ ಇಲ್ಲೇ ಸೋಲುತ್ತಾರೆ. ಸಾಹೇಬರು ಒಳ್ಳೆಯವರು, ನೋಡೋಣ ಅಂದಿದ್ದಾರೆ ಅಂತ ಮೂರು ವರ್ಷ ಕಾಯುತ್ತಾರೆ. ಸಾಹೇಬರು ವರ್ಗ ಆಗಿ ಹೋಗುತ್ತಾರೆ.

ಮೊದಲು ನಮಗೆ ದೂರದ ನೆಪವಾದರೂ ಇತ್ತು. ರಾತ್ರಿಯಿಡೀ ರೈಲಿನಲ್ಲಿ ಕೂತು ಬೆಂಗಳೂರಿಗೆ ಹೋಗಬೇಕು, ಲಾಡ್ಜು ಹಿಡಿಯಬೇಕು, ಕೇಸು ಮುಂದಕ್ಕೆ ಹೋದರೆ ಬುತ್ತಿ ಕಟ್ಟಿಕೊಂಡು ವಾಪಸ್ ಬರಬೇಕು. 2008ರಲ್ಲಿ ಇಲ್ಲಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಈಗ ಕೆಎಸ್‌ಎಟಿ ಪೀಠವೂ ಇಲ್ಲೇ ಇದೆ. ಬಾಗಿಲು ಮನೆಯ ಹತ್ತಿರ ಬಂದಿದೆ, ನಾವು ಇನ್ನೂ ಕಾಯುತ್ತಾ ಕೂತಿದ್ದೇವೆ.

ಇನ್ನೊಂದು, ಸಹಿ. ಹೊಸ ವೇತನ ಶ್ರೇಣಿ ಬಂದಾಗ ಯಾವ ಶ್ರೇಣಿ ಬೇಕು ಅಂತ ಬರೆದುಕೊಡುವ ಆಯ್ಕೆ ಪತ್ರದ ಜೊತೆ ಒಂದು ಮುಚ್ಚಳಿಕೆ ಇರುತ್ತದೆ. ಹೆಚ್ಚಾಗಿ ಬಂದರೆ ಹಿಂತಿರುಗಿಸುತ್ತೇನೆ ಅಂತ ಬರೆದಿರುತ್ತದೆ. 2016ರಲ್ಲಿ ಜಗದೇವ್ ಸಿಂಗ್ ಪ್ರಕರಣದಲ್ಲಿ ಅಂಥದ್ದೇ ಮುಚ್ಚಳಿಕೆ ಇತ್ತು. ಅವರು ನ್ಯಾಯಾಧೀಶರಾಗಿದ್ದವರು. ಸಹಿ ಮಾಡಿದ್ದೀರಲ್ಲ, ಕೊಡಿ ಅಂತ ಸುಪ್ರೀಂ ಕೋರ್ಟು ವಸೂಲಿಗೆ ಒಪ್ಪಿತು, ಕಂತು ಮಾತ್ರ ಮಾಡಿಕೊಟ್ಟಿತು. ನೀವು ಸಹಿ ಮಾಡಲೇಬೇಕಾಗುತ್ತದೆ, ನನಗೆ ಗೊತ್ತು. ಆದರೆ ಓದಿ ಮಾಡಿ. ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ. ಜವಾನ ಕೇಳಿದ ಪ್ರಶ್ನೆ ನೆನಪಿದೆಯಲ್ಲ? ಮುಚ್ಚಳಿಕೆಯ ಮೇಲಿನ ಅಕ್ಷರ ಮಾತ್ರ ನಮ್ಮದೇ.

ಚೀಟಿ ಬಂತು, ಹತ್ತು ನಿಮಿಷ ಅಂತೆ. ಮುಂಬಡ್ತಿಗೆ ಬರೋಣ.

ಮುಂಬಡ್ತಿ ಹಕ್ಕಲ್ಲ, ಪರಿಗಣನೆ ಹಕ್ಕು. ಇದನ್ನು ನಮ್ಮ ರಾಜ್ಯದ ಕೇಸಿನಲ್ಲೇ ಹೇಳಿದ್ದಾರೆ, 1968ರ ಸೈಯದ್ ಮಹಮೂದ್ ಪ್ರಕರಣ. ಬಡ್ತಿ ಕೊಡಿ ಅಂತ ಹೈಕೋರ್ಟು ಹೇಳಿತ್ತು. ಸುಪ್ರೀಂ ಕೋರ್ಟು ಅದನ್ನು ಬದಲಿಸಿ, ಬಡ್ತಿಗೆ ಪರಿಗಣಿಸಿ ಅಂದಿತು. ಅದಕ್ಕೇ ಅರ್ಜಿಯಲ್ಲಿ ಏನು ಕೇಳುತ್ತೀರಿ ಅನ್ನುವುದು ಸರಿ ಇರಬೇಕು. ಇಲಾಖಾ ವಿಚಾರಣೆ ಇದೆ ಅಂತ ಹೆಸರು ಲಕೋಟೆಯಲ್ಲಿ ಮುಚ್ಚಿಟ್ಟಿದ್ದರೆ, ಡಿಪಿಸಿ, ಅಂದರೆ ಬಡ್ತಿ ಸಮಿತಿ, ಕೂತ ದಿನ ನಿಮ್ಮ ಮೇಲೆ ಆರೋಪ ಪಟ್ಟಿ ಹೊರಡಿಸಿದ್ದರೋ ಇಲ್ಲವೋ ನೋಡಿ. 1991ರ ಜಾನಕಿರಾಮನ್ ತೀರ್ಪಿನ ಪ್ರಕಾರ ಹಾಗೆ ಮುಚ್ಚಿಡಲು ಬರೀ ಪ್ರಾಥಮಿಕ ತನಿಖೆ ಸಾಲದು.

ಮೀಸಲಾತಿಯಲ್ಲಿ ಬಡ್ತಿ ಪಡೆದವರ ಜ್ಯೇಷ್ಠತೆ, ಅಂದರೆ ಸೀನಿಯಾರಿಟಿ, ದೊಡ್ಡ ವಿಷಯ. 2017ರಲ್ಲಿ ಪವಿತ್ರಾ ಪ್ರಕರಣದಲ್ಲಿ ನಮ್ಮ ರಾಜ್ಯದ ಕಾಯ್ದೆಯ ಮುಖ್ಯ ಕಲಂಗಳು ಬಿದ್ದವು. ಎಷ್ಟೋ ಮಂದಿ ಹಿಂಬಡ್ತಿಯ ಆದೇಶ ಕೈಯಲ್ಲಿ ಹಿಡಿದು ನಿಂತರು. ಹೊಸ ಕಾಯ್ದೆ ಬಂತು, 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಇದಕ್ಕೆ ಒಂದು ದಿನವೇ ಬೇಕು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಅವಕಾಶ ಕೊಡುವ ಸಂವಿಧಾನದ 371ಜೆ ವಿಧಿಯ ಬಗ್ಗೆಯೂ ಹಾಗೆ. ಸ್ಥಳೀಯ ವೃಂದಕ್ಕೆ, ಅಂದರೆ ನಮ್ಮ ಭಾಗದ ನೌಕರರ ಪ್ರತ್ಯೇಕ ಗುಂಪಿಗೆ, ಆಯ್ಕೆ ಕೊಟ್ಟವರು ಆ ಪತ್ರದ ಪ್ರತಿ ಹುಡುಕಿ ಇಡಿ. ಮುಂದಿನ ಸಲ ಅದರಿಂದಲೇ ಶುರು ಮಾಡುತ್ತೇನೆ.

ಮೈಕು ಆಫ್ ಆದರೂ ನಾನು ಇಲ್ಲೇ ಇರುತ್ತೇನೆ. ಸೇವಾ ಪುಸ್ತಕದ ಪ್ರತಿ ತಂದವರು ಈ ಎಡಗಡೆ ಮೇಜಿಗೆ ಬನ್ನಿ. ಕೆಂಪು ಶಾಯಿಯ ಪುಟ ಮೇಲೆ ಇಟ್ಟುಕೊಳ್ಳಿ. ಚಿಂಚೋಳಿಯವರು ಮೊದಲು ಬರಲಿ, ಅವರ ಬಸ್ಸಿಗೆ ಟೈಮ್ ಆಗಿದೆ.